ಮುದುಕಪ್ಪ ಅರವಟ್ಟಿಗೆ ಅಳೆದದ್ದು

ಹೂಂಗುಟ್ಟುವವರು ಯಾರಾದರೂ ಇದ್ದೀರೇನ್ರಿ? ಇದ್ದರೆ ಹತ್ತಿರ ಸರಿದು ಕೂಡ್ರಿ. ಹೂಂ ಅನ್ನದವರಿಗೆ ನಾನು ಕತೆ ಹೇಳುವವನಲ್ಲ.

ಒಂದೂರಲ್ಲಿ ಕರೆವ್ವ ಅಂತ ಒಬ್ಬ ಹೆಂಗಸು. ಆಕೆಗೊಬ್ಬನೇ ಮಗ, ಹೆಸರು ಮುದುಕಪ್ಪ. ಅಜ್ಜನ ಹೆಸರಿಟ್ಟರೆ ಅಜ್ಜನ ಬುದ್ಧಿಯೂ ಬಂದೀತು ಅಂದುಕೊಂಡಿದ್ದಳು ಪಾಪ. ಹೆಸರು ಬಂತು, ಬುದ್ಧಿ ದಾರಿಯಲ್ಲೇ ಎಲ್ಲೋ ಉಳಿಯಿತು. ಆಳು ನೋಡಿದರೆ ಎತ್ತಿನ ಹಾಗಿದ್ದ, ಮೀಸೆಯೂ ಬಂದಿತ್ತು. ಆದರೆ ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಕೂದಲೆಳೆಯಷ್ಟು ಆಚೆ ಇಲ್ಲ, ಈಚೆ ಇಲ್ಲ. ಎಮ್ಮೆಯ ಹಿಂದೆಯೇ ಇರು, ಎಲ್ಲಿ ಹೋದರೂ ಬಿಡಬೇಡ ಅಂತ ತಾಯಿ ಹೇಳಿದ್ದಕ್ಕೆ, ಎಮ್ಮೆಯ ಹಿಂದೆಯೇ ಕೆರೆಗಿಳಿದು ಮೂಗೊಂದನ್ನು ಮೇಲೆ ಬಿಟ್ಟುಕೊಂಡು ಸಂಜೆತನಕ ನೀರಲ್ಲಿ ಕೂತಿದ್ದ. ಇಂಥ ಮಗನನ್ನು ಯಾವ ಕೆಲಸಕ್ಕೆ ಹಚ್ಚಲಿ ಶಿವನೇ ಅಂತ ಕರೆವ್ವ ಹಣೆ ಚಚ್ಚಿಕೊಳ್ಳದ ದಿನವಿರಲಿಲ್ಲ.

ಕರೆವ್ವನ ಕೆಲಸ ಅರವಟ್ಟಿಗೆ ನೋಡಿಕೊಳ್ಳುವುದು. ಊರಿಂದ ಸಂತೆಗೆ ಹೋಗುವ ದಾರಿ ಉದ್ದಕ್ಕೂ ಎರೆಹೊಲದ ನಡುವೆ ಹೋಗುತ್ತದೆ. ಬೇಸಿಗೆಯಲ್ಲಿ ಆ ದಾರಿಗಿಳಿದರೆ ಒಂದು ಬೇವಿನ ಮರ ಬಿಟ್ಟು ನೆರಳಿಲ್ಲ, ಬಾವಿಯಂತೂ ಇಲ್ಲವೇ ಇಲ್ಲ. ಆ ಬೇವಿನ ಕೆಳಗೆ ಒಂದು ಚಪ್ಪರ, ಚಪ್ಪರದಲ್ಲಿ ಸಾಲಾಗಿ ಮಣ್ಣಿನ ಹರವಿಗಳು, ಹರವಿಗಳ ತುಂಬ ತಣ್ಣೀರು. ದೂರದ ಕೆರೆಯಿಂದ ದೇಸಾಯರ ವಾಡೆಯ ಚಕ್ಕಡಿ ಆ ನೀರು ತಂದು ಸುರಿಯುತ್ತಿತ್ತು. ದಾರಿಹೋಕರು ಬಂದು ಬಗ್ಗಿ ಬೊಗಸೆ ಒಡ್ಡುವರು, ಕರೆವ್ವ ತಂಬಿಗೆಯಿಂದ ಸುರಿಯುವಳು. ಯಾರ ಹತ್ತಿರವೂ ಏನೂ ತೆಗೆದುಕೊಳ್ಳುವಂತಿಲ್ಲ.

ಆ ಚಪ್ಪರವಿಲ್ಲದ ಕಾಲದಲ್ಲಿ, ಮುದುಕಪ್ಪ ಇನ್ನೂ ತೊಟ್ಟಿಲಲ್ಲಿದ್ದಾಗ, ಕರೆವ್ವನ ಗಂಡ ಉಪ್ಪಿನ ಮೂಟೆ ಹೊತ್ತು ಸಂತೆಯಿಂದ ಬರುವಾಗ ಅದೇ ಬೇವಿನ ಬುಡದಲ್ಲಿ ಬಿದ್ದು ಸತ್ತಿದ್ದ. ನೀರು ನೀರು ಅಂದನಂತೆ, ಜೊತೆಗಿದ್ದವರ ಹತ್ತಿರ ಒಂದು ಗುಟುಕೂ ಇರಲಿಲ್ಲ. ಕರೆವ್ವ ವಾಡೆಗೆ ಹೋಗಿ ಆಗಿನ ಹಿರಿಯವ್ವನ ಕಾಲು ಹಿಡಿದು ಅರವಟ್ಟಿಗೆ ಹಾಕಿಸಿದಳು. ಆವತ್ತಿನಿಂದ ಬೇಸಿಗೆ ಬಂದರೆ ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಆಕೆ ಆ ಹರವಿಗಳನ್ನು ಬಿಟ್ಟು ಕದಲಿದವಳಲ್ಲ.

ಹಿರಿಯವ್ವ ತೀರಿಕೊಂಡಳು. ವಾಡೆಯ ಬೀಗದ ಕೈ ಸೊಸೆ ಗಿರಿಜಾಬಾಯಿಯ ಸೆರಗಿಗೆ ಬಂತು. ಕೆಟ್ಟವಳಲ್ಲ, ಆದರೆ ಎಲ್ಲದಕ್ಕೂ ಯಾಕೆ ಅಂತ ಕೇಳುವವಳು. ಅತ್ತೆ ಇಷ್ಟೆಲ್ಲ ದಾನಧರ್ಮ ಮಾಡಿದಳಲ್ಲ, ಇದರಲ್ಲಿ ಯಾವುದು ಮಂದಿಗೆ ನಿಜವಾಗಿ ತಾಗಿತು, ಯಾವುದು ತಾಗಲಿಲ್ಲ ಅಂತ ಕಾರಭಾರಿ ಅಡಿವೆಪ್ಪನನ್ನು ಕೇಳಿದಳು. ಅಡಿವೆಪ್ಪನಿಗೆ ಅಷ್ಟೇ ಬೇಕಿತ್ತು. ವಾಡೆಯ ಹಿಂದೆ ಹೊಸದಾಗಿ ಪೇರಲ ತೋಟ ಹಾಕಿಸಿದ್ದ, ಅದಕ್ಕೆ ನೀರು ಹೊರಲು ಅರವಟ್ಟಿಗೆಯ ಚಕ್ಕಡಿ ಮೇಲೆ ಕಣ್ಣಿಟ್ಟಿದ್ದ. ಅರವಟ್ಟಿಗೆಯಿಂದ ಯಾರಿಗೆ ಏನು ಉಪಯೋಗವಾಯಿತು ಅಂತ ಯಾರು ಕಂಡಿದ್ದಾರೆ, ಮಣ್ಣಿಗೆ ಸುರಿದ ನೀರು ಅದು ಅಂತ ಕಿವಿಯಲ್ಲಿ ಊದಿದ.

ಕಾಣದಿದ್ದರೆ ಅಳೆದು ನೋಡೋಣ ಅಂದಳು ಗಿರಿಜಾಬಾಯಿ. ಉಪಯೋಗವಿದ್ದರೆ ಚಕ್ಕಡಿ ಅರವಟ್ಟಿಗೆಗೆ, ಇಲ್ಲದಿದ್ದರೆ ತೋಟಕ್ಕೆ, ಅಮಾವಾಸ್ಯೆಯೊಳಗೆ ತೀರ್ಮಾನ. ಅಳೆಯುವವರು ಯಾರು? ಕಾರಭಾರಿಯ ಆಳು ಹೋದರೆ ಕಾರಭಾರಿಗೆ ಬೇಕಾದ್ದು ಹೇಳುತ್ತಾನೆ, ಕರೆವ್ವನನ್ನು ಕೇಳಿದರೆ ಕರೆವ್ವನಿಗೆ ಬೇಕಾದ್ದು ಹೇಳುತ್ತಾಳೆ. ಯೋಚನೆ ಮಾಡಿ ಮಾಡಿ ಮುದುಕಪ್ಪನನ್ನು ಕರೆಸಿದಳು. ಸುಳ್ಳು ಹೇಳುವುದಕ್ಕೂ ಒಂದಿಷ್ಟು ಬುದ್ಧಿ ಬೇಕು, ಈ ಹುಡುಗನಿಗೆ ಆ ತೊಂದರೆ ಇಲ್ಲ ಅಂದಳು.

ಸುದ್ದಿ ಕೇಳಿದ ಕರೆವ್ವ ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟಳು. ನನ್ನ ಅರವಟ್ಟಿಗೆಯ ಹಣೆಬರಹ ಈ ನನ್ನ ಮಗನ ಕೈಗೆ ಬಂತಲ್ಲಪ್ಪಾ ಅಂದಳು. ಅಂದರೂ ಸೆರಗು ಸಿಕ್ಕಿಸಿ ನಿಂತಳು. ಚಪ್ಪರ ಕೀಳಲು ಬಿಡುವ ಹೆಂಗಸಲ್ಲ ಆಕೆ.

ಹೂಂ ಅನ್ರಿ.

ಮೊದಲ ಪಾಠ ಕಾರಭಾರಿಯದೇ. ಹರವಿ ಎಷ್ಟು ಖಾಲಿಯಾಗುತ್ತವೋ ಅಷ್ಟು ಉಪಯೋಗ, ಸಂಜೆ ಖಾಲಿ ಹರವಿ ನೋಡಿಕೊಂಡು ಬಂದು ಹೇಳು ಅಂದ.

"ಆತ್ರಿ. ಹೇಳಿದಂಗ ಮಾಡ್ತೀನಿ," ಅಂದ ಮುದುಕಪ್ಪ.

ಆವತ್ತು ಸಂತೆಯಿರಲಿಲ್ಲ, ದಾರಿಯಲ್ಲಿ ಮಂದಿ ಕಡಿಮೆ. ಸಂಜೆಯಾದರೂ ಹರವಿಗಳಲ್ಲಿ ನೀರಿತ್ತು. ಮುದುಕಪ್ಪನಿಗೆ ಕೆಡುಕೆನಿಸಿತು. ಅವ್ವನ ಅರವಟ್ಟಿಗೆಗೆ ಉಪಯೋಗ ಕಡಿಮೆ ಬಿದ್ದಿತಲ್ಲ! ತಾಯಿ ಬೆರಣಿ ಆರಿಸಲು ಅತ್ತ ಹೋದದ್ದೇ ತಡ, ಒಂದೊಂದೇ ಹರವಿ ಎತ್ತಿ ದಾರಿಗೆ ಬೋರಲು ಹಾಕಿದ. ಆಮೇಲೆ ವಾಡೆಗೆ ಓಡಿ, ಎಲ್ಲಾ ಹರವಿ ಖಾಲಿ ಆದವ್ರಿ, ಉಪಯೋಗ ಅಂದ್ರ ಉಪಯೋಗ, ದಾರಿಯೆಲ್ಲ ಹಸಿಯಾಗಿ ಹೋಗಿದೆ ಅಂತ ವರದಿ ಒಪ್ಪಿಸಿದ.

ಮರುದಿನ ಬೆಳಿಗ್ಗೆ ಬಂದವರಿಗೆ ಕುಡಿಯಲು ಹನಿ ನೀರಿಲ್ಲ. ಚಕ್ಕಡಿ ಬರುವವರೆಗೂ ಕರೆವ್ವ ತಾನೇ ಕೊಡ ಹೊತ್ತು ಕೆರೆಗೆ ಎಡತಾಕಿದಳು. ಬಂದವಳು ಮಗನ ಬೆನ್ನಿಗೆ ಎರಡು ಬಿಟ್ಟಳು.

"ಹರವಿ ಖಾಲಿ ಆದ್ರ ಏನ್ ಬಂತೋ ಮೂಳಾ? ನೀರು ಮಂದಿ ಹೊಟ್ಟಿಗೆ ಹೋಗಬೇಕು. ಹರವಿ ನೋಡಬ್ಯಾಡ, ಹೊಟ್ಟಿ ನೋಡು."

"ಆತು ಯವ್ವಾ. ಹೇಳಿದಂಗ ಮಾಡ್ತೀನಿ."

ಮರುದಿನ ಮುದುಕಪ್ಪ ಚಪ್ಪರದಿಂದ ಸ್ವಲ್ಪ ಮುಂದೆ, ದಾರಿಯ ನಡುವೆ ಕುಕ್ಕರಗಾಲಲ್ಲಿ ಕೂತ. ಬಂದವರ ಹೊಟ್ಟೆ ನೋಡಿದ. ನೋಡಿದರೆ ಏನು ತಿಳಿಯುತ್ತದೆ? ಕಿವಿ ಹಚ್ಚಿದ. ಕಟ್ಟಿಗೆ ಹೊತ್ತ ಹೆಂಗಸರು ಬಂದರು. ಅರವಟ್ಟಿಗೆಯಲ್ಲಿ ತಂಬಿಗೆಗಟ್ಟಲೆ ಕುಡಿದು ಬಂದಿದ್ದರು, ಆದರೆ ಹೊಟ್ಟೆ ಬೆನ್ನಿಗೆ ಹತ್ತಿಕೊಂಡಿತ್ತು. ಇವರಿಗೆ ಏನೂ ಉಪಯೋಗವಿಲ್ಲ ಅಂದುಕೊಂಡ. ಆಮೇಲೆ ಎಣ್ಣೆ ವ್ಯಾಪಾರಿ ಸಂಗಣ್ಣ ಕುದುರೆ ಮೇಲೆ ಬಂದ. ಅರವಟ್ಟಿಗೆಯ ಕಡೆ ಕಣ್ಣೆತ್ತಿಯೂ ನೋಡಿದವನಲ್ಲ, ಅವನ ನೀರು ಅವನ ತೊಗಲಿನ ಚೀಲದಲ್ಲೇ. ಆದರೆ ಹೊಟ್ಟೆ ಅಂದರೆ ಹೊಟ್ಟೆ, ಕುದುರೆಯ ಕುತ್ತಿಗೆಯ ಮೇಲೆ ಕೂತಿತ್ತು. ಮುದುಕಪ್ಪ ಕುದುರೆ ತಡೆದು ಆ ಹೊಟ್ಟೆಯನ್ನು ಎರಡೂ ಕೈಯಿಂದ ತಬ್ಬಿ ಕಿವಿಯಿಟ್ಟ. ಗುಡುಗುಡು ಅಂದಿತು. ಸಂಗಣ್ಣ ಬಾರುಕೋಲು ಎತ್ತಿದ. ಮುದುಕಪ್ಪ ಏಟು ತಿಂದ, ಆದರೆ ಪೂರ್ತಿ ಕೇಳಿಸಿಕೊಳ್ಳುವವರೆಗೂ ಬಿಡಲಿಲ್ಲ.

ವಾಡೆಗೆ ಹೋಗಿ ಹೇಳಿದ, ಅರವಟ್ಟಿಗೆಯ ಉಪಯೋಗವೆಲ್ಲ ಎಣ್ಣೆ ಸಂಗಣ್ಣನಿಗೇ ಆಗಿದೆ, ಕಟ್ಟಿಗೆಯ ಹೆಂಗಸರಿಗೆ ಏನೂ ಆಗಿಲ್ಲ ಅಂತ.

ಕಾರಭಾರಿ ಮೀಸೆಯಲ್ಲೇ ನಕ್ಕ. ಉಳ್ಳವರ ಪಾಲಾಗುವ ಧರ್ಮ ಯಾಕೆ ಬೇಕು ಅವ್ವಾರೇ ಅಂದ. ಗಿರಿಜಾಬಾಯಿ ಹುಬ್ಬು ಗಂಟಿಕ್ಕಿದಳು. ಅಷ್ಟರಲ್ಲಿ ಸಂಗಣ್ಣ ಕರೆವ್ವನ ಚಪ್ಪರಕ್ಕೆ ಬಂದು, ನಿನ್ನ ಮಗ ನನ್ನ ಹೊಟ್ಟೆಗೆ ಕೈಹಾಕಿದ ಅಂತ ಊರಿಗೆಲ್ಲ ಕೇಳುವ ಹಾಗೆ ಕೂಗಾಡಿ ಹೋದ. ಕರೆವ್ವನಿಗೆ ನಾಚಿಕೆಯಿಂದ ತಲೆಯೆತ್ತುವುದಾಗಲಿಲ್ಲ. ರಾತ್ರಿ ಮಗನಿಗೆ ರೊಟ್ಟಿ ಬಡಿಸುತ್ತಾ ಬೈದಳು, ಬೈಯುತ್ತಾ ಬಡಿಸಿದಳು.

"ಮಂದಿ ಹೊಟ್ಟಿ ಮುಟ್ಟತಾರೇನೋ? ನೀರಡಿಕಿ ಹೋತೋ ಇಲ್ಲೋ ಅವರ ಬಾಯಿಲೆ ತಿಳಕೋಬೇಕು. ತಂಬಿಗಿ ನಿನ್ನ ಕೈಯಾಗ ಕೊಡ್ತೀನಿ, ನೀನ ಸುರಿ. ಸಾಕು ಅಂತ ಬಾಯಿಲೆ ಅಂದ್ರ ನೀರಡಿಕಿ ಹೋತು ಅಂತ ತಿಳಕೋ. ಅನ್ನೂತನಕ ನಿಲ್ಲಿಸಬ್ಯಾಡ."

"ಆತು ಯವ್ವಾ. ಹೇಳಿದಂಗ ಮಾಡ್ತೀನಿ."

ಇಲ್ಲೇ ಇತ್ತು ನೋಡ್ರಿ ಗುಟ್ಟು. ಬೊಗಸೆಯಲ್ಲಿ ನೀರು ಕುಡಿಯುವವರನ್ನು ನೀವು ಕಂಡೇ ಇದ್ದೀರಿ. ಬಾಯಿ ಬೊಗಸೆಯಲ್ಲಿ ಮುಳುಗಿರುತ್ತದೆ, ಮಾತು ಎಲ್ಲಿಂದ ಬರಬೇಕು? ಸಾಕಾದವರು ತಲೆ ಅಲ್ಲಾಡಿಸುತ್ತಾರೆ, ಸುರಿಯುವವರು ತಂಬಿಗೆ ಎತ್ತುತ್ತಾರೆ. ಹುಟ್ಟಿದಾಗಿನಿಂದ ಎಲ್ಲರೂ ಕಂಡ ರೀತಿ ಇದು. ಆದರೆ ಮುದುಕಪ್ಪನಿಗೆ ತಲೆಯ ಮಾತು ಹೇಳಿರಲಿಲ್ಲ, ಬಾಯಿಯ ಮಾತು ಹೇಳಿದ್ದರು.

ಮೊದಲು ಬಂದವನು ಒಬ್ಬ ಕುರುಬ. ಕುಡಿದ, ಕುಡಿದ, ತಲೆ ಅಲ್ಲಾಡಿಸಿದ. ಮುದುಕಪ್ಪ ಸುರಿದ. ಇನ್ನೂ ಜೋರಾಗಿ ಅಲ್ಲಾಡಿಸಿದ. ಮುದುಕಪ್ಪ ಇನ್ನೂ ಜೋರಾಗಿ ಸುರಿದ. ನೀರು ಮೊಣಕೈಯಿಂದ ಇಳಿದು ಹೆಗಲ ಕಂಬಳಿಯೆಲ್ಲ ತೊಯ್ದು ಮಣಭಾರವಾಯಿತು. ಕುರುಬ ಎದ್ದು ಮುದುಕಪ್ಪನ ಅಜ್ಜ ಮುತ್ತಜ್ಜರನ್ನೆಲ್ಲ ನೆನೆಸಿದ. ಅಷ್ಟು ಮಾತಿನಲ್ಲಿ ಸಾಕು ಅನ್ನುವ ಒಂದು ಮಾತು ಬರಲಿಲ್ಲ. ಆಮೇಲೆ ಮೊಸರು ಮಾರುವ ಹೆಂಗಸರು ಬಂದರು, ಸೀರೆ ತೊಯಿಸಿಕೊಂಡು ಹೋದರು. ಮದುವೆ ಕರೆಯಲು ಹೊರಟ ಹಿರಿಯರೊಬ್ಬರು ಬಂದರು, ಅವರ ಹೊಸ ರುಮಾಲಿನ ಬಣ್ಣ ಮುಖಕ್ಕಿಳಿಯಿತು. ಬೈದವರೆಷ್ಟೋ, ಕೆಮ್ಮಿದವರೆಷ್ಟೋ. ಸಾಕು ಅಂದವರು ಯಾರೂ ಇಲ್ಲ.

ಮುದುಕಪ್ಪ ಅಳುಮೋರೆ ಹಾಕಿಕೊಂಡು ವಾಡೆಗೆ ಹೋದ.

"ಅವ್ವಾರ, ಒಬ್ಬರದೂ ನೀರಡಿಕಿ ಹೋಗಲಿಲ್ರಿ. ಎಷ್ಟು ಸುರಿದ್ರೂ ಸಾಕು ಅನ್ನಲಿಲ್ರಿ."

ಕಾರಭಾರಿ ಎದ್ದೇ ನಿಂತ. ಇನ್ನೇನು ಬೇಕು, ಹುಡುಗನೇ ಹೇಳುತ್ತಿದ್ದಾನೆ, ನಾಳೆಯಿಂದ ಚಕ್ಕಡಿ ತೋಟಕ್ಕೆ ಹೊಡೆಸುತ್ತೇನೆ ಅಂದ. ಗಿರಿಜಾಬಾಯಿ ಕೈಯೆತ್ತಿ ತಡೆದಳು. ಆಕೆಗೆ ಎಲ್ಲೋ ಏನೋ ತಪ್ಪಿದೆ ಅನಿಸಿತ್ತು. ಕುಡಿದವರನ್ನಷ್ಟೇ ನೋಡಿದರೆ ಏನು ತಿಳಿದೀತು ಅಂದಳು. ಕುಡಿದವರೊಬ್ಬರು, ಕುಡಿಯದವರೊಬ್ಬರು, ಇಬ್ಬರನ್ನೂ ಪಕ್ಕಪಕ್ಕದಲ್ಲಿ ಕೂಡಿಸಿ ನೋಡಬೇಕು. ಇಬ್ಬರ ನಡುವೆ ಏನು ಅಂತರ ಕಾಣುತ್ತದೋ ಅದೇ ಅರವಟ್ಟಿಗೆಯ ಉಪಯೋಗ.

ಮಾತು ಲಕ್ಷ ರೂಪಾಯಿಯ ಮಾತು, ಇಲ್ಲ ಅನ್ನುವುದಿಲ್ಲ. ಆದರೆ ಯಾರಿಗೆ ಹೇಳಿದಳು ನೋಡ್ರಿ.

"ಆತ್ರಿ ಅವ್ವಾರ. ಹೇಳಿದಂಗ ಮಾಡ್ತೀನಿ."

ಅಮಾವಾಸ್ಯೆ ಹತ್ತಿರ ಬಂತು. ಇನ್ನು ಈ ಮಗನ ಅಳತೆ ನಂಬಿ ಕೂತರೆ ಚಪ್ಪರದ ಕಂಬವೂ ಉಳಿಯುವುದಿಲ್ಲ ಅಂತ ಕರೆವ್ವನಿಗೆ ಖಾತ್ರಿಯಾಯಿತು. ಎಂದೂ ಹರವಿ ಬಿಟ್ಟು ಕದಲದವಳು ಆವತ್ತು ಬೆಳಿಗ್ಗೆ ತಂಬಿಗೆಯನ್ನು ಮಗನ ಕೈಗಿಟ್ಟಳು. ಅವ್ವಾರು ಏನು ಹೇಳಿದ್ದಾರೋ ಅಷ್ಟನ್ನೇ ಮಾಡು, ಹೆಚ್ಚಿಗೆ ಏನೂ ಮಾಡಬೇಡ ಅಂತ ಹೇಳಿ ನೇರ ವಾಡೆಗೆ ನಡೆದಳು. ಒಳಗೆ ಬಿಡಲಿಲ್ಲ. ಅಂಗಳದಲ್ಲೇ ಕೂತಳು. ಏಳು ಅಂದರು, ಏಳಲಿಲ್ಲ. ಕೊನೆಗೆ ಗಿರಿಜಾಬಾಯಿಯೇ ಹೊರಗೆ ಬಂದಳು.

"ಅವ್ವಾರ, ನನ್ನ ಮಗಾ ಅಳೆಯೂದು ಬ್ಯಾಡ, ನಾ ಹೇಳೂದೂ ಬ್ಯಾಡ," ಅಂದಳು ಕರೆವ್ವ. "ನೀವ ಬರ್ರಿ. ಮೇಣೆದಾಗ ಬ್ಯಾಡ, ಬಂಡಿದಾಗ ಬ್ಯಾಡ, ಸಂಗಾಟ ನೀರೂ ಬ್ಯಾಡ. ಸಂತಿ ಮಂದಿ ನಡದಂಗ ನಡಕೋತ ಬರ್ರಿ. ನನ್ನ ಗಂಡ ಬಿದ್ದ ಜಾಗಾ ಮುಟ್ಟೂತನಕ ನಡೀರಿ. ಆಮ್ಯಾಲ ಚಪ್ಪರ ಕಿತ್ತ ಒಗೀರಿ, ನಾ ಒಂದ ಮಾತು ಆಡಿದ್ರ ಕೇಳ್ರಿ."

ವಾಡೆಯ ಹೆಣ್ಣುಮಗಳು ಬಿಸಿಲಲ್ಲಿ ನಡೆಯುವುದುಂಟೇ ಅಂತ ಕಾರಭಾರಿ ಅಡ್ಡ ಬಂದ. ಗಿರಿಜಾಬಾಯಿ ಒಂದು ಗಳಿಗೆ ಕರೆವ್ವನ ಮುಖ ನೋಡಿದಳು. ಚಪ್ಪಲಿ ಮೆಟ್ಟಿದಳು. ನೀನೂ ನಡಿ ಅಂತ ಕಾರಭಾರಿಗೆ ಹೇಳಿದಳು.

ನಡೆದರು. ಮೊದಮೊದಲು ಕಾರಭಾರಿ ಪೇರಲ ತೋಟದ ವಿಚಾರ ಹೇಳುತ್ತಿದ್ದ. ಊರು ಮರೆಯಾದ ಮೇಲೆ ಮಾತು ಕಡಿಮೆಯಾಯಿತು. ಎರೆಹೊಲ ಬಾಯಿ ಬಿಟ್ಟು ಬಿರಿದಿತ್ತು, ಕಾಲ ಕೆಳಗಿನ ಮಣ್ಣು ಹೆಂಚಿನ ಹಾಗೆ ಕಾದಿತ್ತು. ಗಿರಿಜಾಬಾಯಿಯ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಸಾಕು, ತಿರುಗಿ ಹೋಗೋಣ ಅಂದ ಕಾರಭಾರಿ. ಆಕೆ ಇಲ್ಲ ಅಂತ ತಲೆಯಾಡಿಸಿದಳು. ಹಟದಲ್ಲಿ ಆಕೆಯೂ ಕರೆವ್ವನಿಗೆ ಕಡಿಮೆಯವಳಲ್ಲ ಅನ್ನುವುದು ಆವತ್ತು ಗೊತ್ತಾಯಿತು.

ಇತ್ತ ಅರವಟ್ಟಿಗೆಯಲ್ಲಿ ಮುದುಕಪ್ಪ ಅಳತೆಗೆ ಕೂತಿದ್ದ. ಅರವಟ್ಟಿಗೆಗೆ ಬಂದವರೆಲ್ಲ ಕುಡಿದೇ ಹೋಗುತ್ತಾರಲ್ಲ, ಕುಡಿಯದವರನ್ನು ಎಲ್ಲಿಂದ ತರುವುದು? ಅದಕ್ಕೆ ಅವನೇ ಒಂದು ದಾರಿ ಹುಡುಕಿದ. ಒಬ್ಬರಿಗೆ ಕೊಡುವುದು, ಇನ್ನೊಬ್ಬರಿಗೆ ಕೊಡದಿರುವುದು. ಬಳೆಗಾರ ಬಂದ, ಅವನಿಗೆ ಕೊಟ್ಟ. ಅವನ ಹಿಂದೆ ಮೊಸರಿನವಳು ಬಂದಳು, ಆಕೆಗೆ ಕೊಡಲಿಲ್ಲ. ಇಬ್ಬರನ್ನೂ ಪಕ್ಕಪಕ್ಕದಲ್ಲಿ ಕೂಡಿಸಿ ಎವೆಯಿಕ್ಕದೆ ನೋಡಿದ. ಮೊಸರಿನವಳು ಬಾಯಿಗೆ ಬಂದಂತೆ ಬೈದು, ತನ್ನ ಗಡಿಗೆಯ ಮೊಸರನ್ನೇ ಎತ್ತಿ ಗಟಗಟ ಕುಡಿದು ಎದ್ದು ಹೋದಳು. ಆ ಅಳತೆ ಕೆಟ್ಟಿತು. ಬೇರೆ ಜೋಡಿ ಬರಲಿ ಅಂತ ಕಾಯುತ್ತಿದ್ದ.

ಬಂತು ನೋಡ್ರಿ ಜೋಡಿ.

ಚಪ್ಪರ ಕಂಡದ್ದೇ ಕಾರಭಾರಿ ಅಡಿವೆಪ್ಪ ಒಡತಿಯನ್ನೂ ಮರೆತ, ಮರ್ಯಾದೆಯನ್ನೂ ಮರೆತ. ಎಲ್ಲರನ್ನೂ ಹಿಂದೆ ಹಾಕಿ ಓಡಿ ಬಂದು ಮುದುಕಪ್ಪನ ಮುಂದೆ ಬೊಗಸೆ ಒಡ್ಡಿದ. ಮುದುಕಪ್ಪ ಸುರಿದ. ಅಡಿವೆಪ್ಪ ಕುಡಿದ, ಮತ್ತೆ ಕುಡಿದ, ಮುಖಕ್ಕೆ ಎರಚಿಕೊಂಡ. ಬೇವಿನ ಬುಡಕ್ಕೆ ಒರಗಿ, ತೊಯ್ದ ಮೀಸೆ ಒರೆಸಿಕೊಂಡು ಉಸಿರುಬಿಟ್ಟ.

"ಹಾ, ಈಗ ಹೋದ ಜೀವ ತಿರುಗಿ ಬಂತು ನೋಡು."

ಅಷ್ಟರಲ್ಲಿ ಗಿರಿಜಾಬಾಯಿ ಬಂದು ಬೊಗಸೆ ಒಡ್ಡಿದಳು. ಮುದುಕಪ್ಪ ತಂಬಿಗೆಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ನಿಮಗ ಇಲ್ರಿ ಅವ್ವಾರ. ಅವರು ಕುಡಿದವರು, ನೀವು ಕುಡೀದವರು. ಬರ್ರಿ, ಅವರ ಮಗ್ಗಲಿಗೆ ಕೂಡ್ರಿ."

ಕರೆವ್ವ ಏದುಸಿರು ಬಿಡುತ್ತಾ ಬಂದಳು. ಕೊಡೋ, ಕೊಡೋ ನಿನ್ನ ಮಾರಿಗೆ ಮಣ್ಣು ಹಾಕ ಅಂದಳು. ಮುದುಕಪ್ಪ ಹರವಿಗಳನ್ನೆಲ್ಲ ತಬ್ಬಿ ಅಡ್ಡ ಮಲಗಿಬಿಟ್ಟ. ಅವ್ವಾರೇ ಹೇಳಿದ್ದು, ಅವರು ಹೇಳಿದ್ದಷ್ಟನ್ನೇ ಮಾಡು ಅಂತ ನೀನೇ ಹೇಳಿದ್ದು, ಈಗ ಕುಡಿದರೆ ಅಳತೆ ಕೆಡುತ್ತದೆ ಅಂದ. ಗಿರಿಜಾಬಾಯಿ ಬೈಯಲು ಬಾಯಿ ತೆರೆದಳು, ದನಿ ಬರಲಿಲ್ಲ. ಕಣ್ಣು ಕತ್ತಲಿಟ್ಟಿತು. ಬೇವಿನ ಬುಡದಲ್ಲಿ ಕಾರಭಾರಿಯ ಪಕ್ಕದಲ್ಲೇ ಕುಸಿದು ಕೂತಳು.

ಮುದುಕಪ್ಪ ತಲೆಯೆತ್ತಿ ಇಬ್ಬರನ್ನೂ ನೋಡಿದ. ಎಡಕ್ಕೆ ಕುಡಿದವನು, ಬಲಕ್ಕೆ ಕುಡಿಯದವಳು. ಒಬ್ಬನ ಮುಖದಲ್ಲಿ ಕಳೆ, ಒಬ್ಬಳ ತುಟಿಯಲ್ಲಿ ಬಿರುಕು. ಗಿರಿಜಾಬಾಯಿಯೂ ತಿರುಗಿ ಕಾರಭಾರಿಯನ್ನು ನೋಡಿದಳು. ನಡುವಿನ ಅಂತರ ಆಕೆಯ ಗಂಟಲಲ್ಲೇ ಉರಿಯುತ್ತಿತ್ತು. ಕಾರಭಾರಿ ಕಣ್ಣು ಕೆಳಗೆ ಹಾಕಿದ.

ಕರೆವ್ವ ಮಗನ ಜುಟ್ಟು ಹಿಡಿದು ಎಳೆದು ಅತ್ತ ಒಗೆದಳು. ಇದೇ ಮರದ ಕೆಳಗೆ ಇನ್ನೊಂದು ಜೀವ ಹೋಗಲು ನಾನು ಬಿಡುವುದಿಲ್ಲ ಅಂತ ಅಳುತ್ತಲೇ ತಂಬಿಗೆ ಅದ್ದಿ ಒಡತಿಯ ಬೊಗಸೆಗೆ ಸುರಿದಳು. ಗಿರಿಜಾಬಾಯಿ ಕುಡಿದಳು. ಬಹಳ ಹೊತ್ತು ತಲೆಯೆತ್ತಲಿಲ್ಲ. ಆಮೇಲೆ ಮುಖವೆತ್ತಿ ಸಣ್ಣ ದನಿಯಲ್ಲಿ, ಸಾಕು ಕರೆವ್ವಾ ಅಂದಳು.

"ಯವ್ವಾ, ಸಾಕು ಅಂದ್ರು!" ಅಂತ ಮುದುಕಪ್ಪ ಬಿದ್ದಲ್ಲಿಂದಲೇ ಚಪ್ಪಾಳೆ ತಟ್ಟಿದ.

ಆವತ್ತೇ ತೀರ್ಮಾನವಾಯಿತು. ಚಕ್ಕಡಿ ಅರವಟ್ಟಿಗೆಗೆ, ಕರೆವ್ವ ಇರುವ ತನಕ ಮತ್ತು ಆಕೆಯ ನಂತರವೂ. ಪೇರಲ ಗಿಡಗಳಿಗೆ ಬೇಕಾದರೆ ಕಾರಭಾರಿಯೇ ಕೊಡ ಹೊರಲಿ. ಹೊರಡುವಾಗ ಗಿರಿಜಾಬಾಯಿ ಮುದುಕಪ್ಪನನ್ನು ಕರೆದಳು. ಬೈಯಬೇಕೋ ನಗಬೇಕೋ ಆಕೆಗೆ ತಿಳಿಯಲಿಲ್ಲ.

"ಇನ್ನ ಅಳತಿ ಗಿಳತಿ ಏನೂ ಬ್ಯಾಡ. ಒಂದ ಮಾತು ನೆನಪಿಡು. ಯಾರರ ಬರಲಿ, ಏನರ ಬರಲಿ, ಈ ದಾರಿಲೆ ಬಂದದ್ದು ನೀರು ಕುಡೀದ ಮುಂದ ಹೋಗಬಾರದು."

"ಆತ್ರಿ ಅವ್ವಾರ. ಹೇಳಿದಂಗ ಮಾಡ್ತೀನಿ."

ಹೂಂ ಅನ್ರಿ, ಮುಗಿಯಲಿಕ್ಕೆ ಬಂತು.

ಬೇಸಿಗೆ ಕಳೆಯಿತು, ಮುಂಗಾರು ಬಿತ್ತು. ಬಿತ್ತು ಅಂದರೆ ಎಂಥದು, ಮುಗಿಲು ಹರಿದಂತೆ ಬಿತ್ತು. ಎರೆಮಣ್ಣು ಕೆಸರಾಯಿತು, ಹೊಲವೆಲ್ಲ ಕೆರೆಯಾಯಿತು. ಕರೆವ್ವ ಹರವಿ ಎತ್ತಿಡಲು ಬಂದರೆ ಮುದುಕಪ್ಪ ತಂಬಿಗೆ ಹಿಡಿದು ಮಳೆಯಲ್ಲೇ ದಾರಿಗಡ್ಡ ನಿಂತಿದ್ದ. ಗೋಣಿಕೊಪ್ಪೆ ಹೊದ್ದು ಓಡುವವರನ್ನೆಲ್ಲ ಹಿಡಿದು ಹಿಡಿದು ಕುಡಿಸುತ್ತಿದ್ದ. ಕಾರಭಾರಿ ಅಡಿವೆಪ್ಪನೂ ಸಿಕ್ಕಿಬಿದ್ದ. ಮೈಯೆಲ್ಲ ನೀರು ಸೋರುತ್ತಿದೆಯಲ್ಲೋ ಅಂತ ಅಂಗಲಾಚಿದ. ಮುದುಕಪ್ಪ ರಟ್ಟೆ ಬಿಡಲಿಲ್ಲ. ಕೊನೆಗೆ ಬೊಗಸೆ ಒಡ್ಡಿದ. ಬೊಗಸೆಗೆ ಕೆಳಗಿಂದ ಬಾಯಿ, ಮೇಲಿಂದ ಮಳೆ, ನಡುವೆ ಮುದುಕಪ್ಪನ ತಂಬಿಗೆ. ಎಷ್ಟು ಕುಡಿದರೂ ತುಂಬಿಯೇ ಇತ್ತು. ಹೇಗೋ ಬಿಡಿಸಿಕೊಂಡು ಓಡಿದ.

ಚಪ್ಪರದ ಕೆಳಗೆ ನಿಂತ ಕರೆವ್ವ ಬೈಯಲು ಬಾಯಿ ತೆರೆದಳು. ಬೇವಿನ ಬುಡ ಕಣ್ಣಿಗೆ ಬಿತ್ತು. ಆವತ್ತು ಇಂಥ ಒಬ್ಬ ಪೆದ್ದ ಈ ದಾರಿಯಲ್ಲಿ ನಿಂತಿದ್ದರೆ, ಬೇಡ ಅಂದರೂ ಬಿಡದೆ ಕುಡಿಸಿದ್ದರೆ ಅನಿಸಿತು. ಬಾಯಿ ಮುಚ್ಚಿದಳು. ಆಕೆ ಮಗನನ್ನು ಬೈಯದೆ ಬಿಟ್ಟದ್ದು ಅದೇ ಮೊದಲು.

ಅಷ್ಟರಲ್ಲಿ ಮೇಲಿನ ಹಳ್ಳ ತುಂಬಿ, ದಂಡೆ ಒಡೆದು, ರಾಡಿ ನೀರು ದಾರಿಯುದ್ದಕ್ಕೂ ಭರ್ರನೆ ನುಗ್ಗಿ ಬಂತು. ಮೇಲೆ ಬಾರೋ, ಬಂತು ಬಾರೋ ಅಂತ ಕರೆವ್ವ ಕೂಗಿಕೊಂಡಳು. ಮುದುಕಪ್ಪ ಹಿಂದೆ ಸರಿಯಲಿಲ್ಲ. ಈ ದಾರಿಯಲ್ಲಿ ಬಂದದ್ದು ನೀರು ಕುಡಿಯದೆ ಮುಂದೆ ಹೋಗಬಾರದು ಅಂತ ಅವ್ವಾರು ಹೇಳಿದ್ದರಲ್ಲ! ಮೊಣಕಾಲ ಮಟ್ಟ ನೀರಿಗಿಳಿದ, ಹಳ್ಳಕ್ಕೆ ಅಡ್ಡ ಕೈ ಚಾಚಿ ನಿಲ್ಲು ಅಂದ, ಹರವಿಯಿಂದ ತಂಬಿಗೆ ತುಂಬಿ ತಂದು ಅದರ ಬಾಯಿಗೆ ಸುರಿದ. ಹಳ್ಳ ಸಾಕು ಅನ್ನಲಿಲ್ಲ. ಮುದುಕಪ್ಪ ಇನ್ನೊಂದು ತಂಬಿಗೆ ತರಲು ಹೋದ.